ಹೆಬ್ಬೆಟ್ಟು ನಮ್ಮದು, ರೊಕ್ಕ ತೆಗೆದವರು ಯಾರೋ

ಈ ವಾರ ಜೀವಾಮೃತದ ಬಗ್ಗೆಯೂ ಇಲ್ಲ, ಅರಿಶಿನದ ಎಲೆಚುಕ್ಕಿ ರೋಗದ ಬಗ್ಗೆಯೂ ಇಲ್ಲ. ಕಾನೂನಿನ ಬಗ್ಗೆ ಬರೀತೀನಿ. ನಾನು ಓದಿದ್ದು ತೋಟಗಾರಿಕೆ, ವಕೀಲನಲ್ಲ. ಆದರೂ ಇದನ್ನ ಬರೆಯದೆ ಇರೋಕೆ ಆಗಲಿಲ್ಲ.

ಹೋದ ವರ್ಷ ಕಬ್ಬಿನ ಬಿಲ್ಲು ಜಮಾ ಆದ ವಾರ ನಮ್ಮ ಕಾಕಾ ಪಾಸ್‌ಬುಕ್ ಹಿಡ್ಕೊಂಡು ಮನೆಗೆ ಬಂದರು. "ತಮ್ಮಾ, ಇದನ್ನೊಮ್ಮೆ ನೋಡು. ನಾ ಬ್ಯಾಂಕಿನ ಕಡೆ ಹೋಗೇ ಇಲ್ಲ, ಹತ್ತು ಸಾವಿರ ಕಮ್ಮಿ ಆಗೇತಿ" ಅಂದರು. ನೋಡಿದೆ. 10,000 ರೂಪಾಯಿಯ ಒಂದೇ ಎಂಟ್ರಿ, ಪಕ್ಕದಲ್ಲಿ ಎಇಪಿಎಸ್ ಅಂತ ಇತ್ತು. ಅಂದ್ರೆ ಆಧಾರ್ ನಂಬರು ಮತ್ತು ಹೆಬ್ಬೆಟ್ಟಿನ ಮೇಲೆ ರೊಕ್ಕ ತೆಗೆಯುವ ಪದ್ಧತಿ. ಇದಕ್ಕೆ ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿಯೂ ಬರಲ್ಲ. ಕಾಕಾನ ಹತ್ರ ಇರೋದು ಗುಂಡಿ ಒತ್ತೋ ಫೋನು. "ಯಾರಿಗೂ ಒಟಿಪಿ ಹೇಳಬೇಡಿ" ಅಂತ ಊರೆಲ್ಲ ಡಂಗುರ ಹೊಡೆದರೂ ಅವರಿಗೆ ಉಪಯೋಗ ಆಗ್ತಿರಲಿಲ್ಲ.

ಬ್ಯಾಂಕಿನಲ್ಲಿ "ಹೆಬ್ಬೆಟ್ಟು ಮ್ಯಾಚ್ ಆಗೇತಿ, ನಾವೇನ್ ಮಾಡೋಣ್ರಿ?" ಅಂದರು. ಠಾಣೆಯಲ್ಲಿ "1930ಕ್ಕೆ ಫೋನ್ ಹಚ್ಚರಿ, ಇಲ್ಲಾಂದ್ರ ಬೆಳಗಾವಿಗೆ ಹೋಗರಿ" ಅಂದರು. ಬೇಡಕಿಹಾಳದಿಂದ ಬೆಳಗಾವಿಗೆ ಹೋಗಿಬರೋದು ಅಂದ್ರೆ ಒಂದು ದಿನ ಪೂರ್ತಿ ಹೋಯ್ತು. ಎರಡು ಸಲ ಹೋದ ಮೇಲೆ ಕಾಕಾ "ಸಾಕ್ ಬಿಡೋ, ಹೊಲದಾಗ ಕಳೆ ಬೆಳದೈತಿ" ಅಂದುಬಿಟ್ಟರು.

ಅವರ ಹೆಬ್ಬೆಟ್ಟು ಎಲ್ಲಿಂದ ಹೋಯ್ತು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ. ಲೆಕ್ಕ ಹಾಕಿ ನೋಡಿ, ನಾವು ಎಲ್ಲೆಲ್ಲಿ ಹೆಬ್ಬೆಟ್ಟು ಒತ್ತುತ್ತೇವೆ? ರೇಷನ್ ಅಂಗಡಿ, ಯೂರಿಯಾ ಕೊಡುವ ಪಿಒಎಸ್ ಯಂತ್ರ, ಸಿಮ್ ಅಂಗಡಿ, ಉಪನೋಂದಣಿ ಕಚೇರಿ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಇಂಥ ದೂರುಗಳು ಸಾಲುಸಾಲಾಗಿ ಬಂದವು. ಜಮೀನು ನೋಂದಣಿ ಮಾಡಿಸಿದ ಕೆಲವೇ ದಿನಗಳಲ್ಲಿ ಖಾತೆ ಖಾಲಿ ಆಗ್ತಿತ್ತು. ಪೊಲೀಸರು ಬೆನ್ನು ಹತ್ತಿದಾಗ ದಾರಿ ಕಾವೇರಿ 2.0 ಪೋರ್ಟಲ್‌ ಕಡೆಗೆ ಹೋಯ್ತು. ಕ್ರಯಪತ್ರದ ಪ್ರತಿಯಲ್ಲಿ ಹೆಬ್ಬೆಟ್ಟೂ ಇತ್ತು, ಆಧಾರ್ ನಂಬರೂ ಇತ್ತು. ಅದನ್ನ ಇಳಿಸ್ಕೊಂಡು ನಕಲಿ ಬೆರಳಚ್ಚು ತಯಾರು ಮಾಡ್ತಿದ್ದರು. ಬಿಹಾರದಲ್ಲಿ ಕೆಲವರನ್ನ ಬಂಧಿಸಿದರು. ಆಮೇಲೆ ಸರ್ಕಾರ ಪೋರ್ಟಲ್‌ನಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಿತು. ಅಷ್ಟರೊಳಗೆ ಎಷ್ಟು ಮಂದಿಯ ಹೆಬ್ಬೆಟ್ಟು ಹೊರಗೆ ಹೋಗಿತ್ತೋ! ಪಾಸ್‌ವರ್ಡ್ ಆದರೆ ಬದಲಿಸಬಹುದು. ಬೆರಳು ಎಲ್ಲಿಂದ ಬದಲಿಸೋದು?

ಈಗ ಕಾನೂನಿಗೆ ಬರ್ತೀನಿ. ಇನ್ನೊಬ್ಬರ ಗುರುತು ಕದ್ದು ಬಳಸೋದಕ್ಕೆ ನಮ್ಮಲ್ಲಿ ನೇರವಾದ ಕಲಂ ಅಂದ್ರೆ ಐಟಿ ಕಾಯ್ದೆಯ 66ಸಿ. 2008ರ ತಿದ್ದುಪಡಿಯಲ್ಲಿ ಸೇರಿಸಿದರು, 2009ರಿಂದ ಜಾರಿಯಲ್ಲಿದೆ. ಶಿಕ್ಷೆ ಹೆಚ್ಚೆಂದರೆ 3 ವರ್ಷ ಜೈಲು, 1 ಲಕ್ಷದವರೆಗೆ ದಂಡ. ಜಾಮೀನು ಸಿಗುವ ಅಪರಾಧ. ಇದು ಬಂದಾಗ ದೇಶದಲ್ಲಿ ಆಧಾರ್ ಕಾರ್ಡೇ ಇರಲಿಲ್ಲ ಅನ್ನೋದನ್ನ ನೆನಪಿಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಬೇರೆಯವರ ವೇಷದಲ್ಲಿ ವಂಚಿಸುವುದಕ್ಕೆ 319ನೇ ಕಲಂನಲ್ಲಿ ಶಿಕ್ಷೆ 3 ವರ್ಷದಿಂದ 5ಕ್ಕೆ ಏರಿತು. ಸಂಘಟಿತ ಅಪರಾಧದ 111ನೇ ಕಲಂನಲ್ಲಿ ಸೈಬರ್ ಅಪರಾಧದ ಹೆಸರೂ ಸೇರಿತು. ಒಳ್ಳೇದು. ಆದರೆ 66ಸಿ ಮಾತ್ರ ಇದ್ದ ಹಾಗೇ ಇದೆ.

ನನ್ನ ತಕರಾರು ವರ್ಷಗಳ ಲೆಕ್ಕದ ಮೇಲೆ ಅಲ್ಲ. ಶಿಕ್ಷೆ ಹೆಚ್ಚು ಮಾಡಿದರೆ ಕಳ್ಳತನ ನಿಲ್ಲುತ್ತೆ ಅನ್ನೋ ನಂಬಿಕೆ ನನಗಿಲ್ಲ. ಸಿಕ್ಕೇ ಬೀಳ್ತೀನಿ ಅನ್ನೋ ಹೆದರಿಕೆ ಇದ್ದರೆ ನಿಲ್ಲುತ್ತೆ. ಅಲ್ಲೇ ನಮ್ಮ ಕಾನೂನು ಕಾಲು ಕಟ್ಟಿ ಕೂತಿದೆ. ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿರಬಾರದು. ಹಳ್ಳಿ ಕಡೆಯ ಎಷ್ಟೋ ಠಾಣೆಗಳಿಗೆ ಪಿಎಸ್‌ಐ ಅವರೇ ದೊಡ್ಡವರು. ಅದಕ್ಕೇ ಕಾಕಾನಂಥವರು ಜಿಲ್ಲಾ ಕೇಂದ್ರದ ಸಿಇಎನ್ ಠಾಣೆಗೆ ಬಸ್ಸು ಹತ್ತಬೇಕು. ತರಬೇತಿ ಕೊಟ್ಟು ಪಿಎಸ್‌ಐಗೇ ಈ ಅಧಿಕಾರ ಕೊಟ್ಟರೆ ಏನು ಕಳ್ಕೋತೀವಿ?

ಇನ್ನೊಂದು. 66ಸಿ ಹಿಡಿಯೋದು ಕದ್ದ ಗುರುತನ್ನ ಬಳಸಿದವನನ್ನ. ಖೋಟಾ ನೋಟಿನ ವಿಷಯದಲ್ಲಿ ಕಾನೂನು ಹಂಗಿಲ್ಲ. ಚಲಾಯಿಸಬೇಕು ಅನ್ನೋ ಉದ್ದೇಶದಿಂದ ನೋಟು ಇಟ್ಕೊಂಡರೂ ಅಪರಾಧ, ಅಚ್ಚು ಹಾಕೋ ಸಾಮಾನು ಇಟ್ಕೊಂಡರೂ ಅಪರಾಧ. ಹಂಗೇ ನಕಲಿ ಹೆಬ್ಬೆಟ್ಟು ಮಾಡೋದು, ಸಾವಿರಾರು ರೈತರ ಆಧಾರ್ ಪಟ್ಟಿ ಮಾರೋದು, ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನ ವಂಚಕರಿಗೆ ಬಾಡಿಗೆ ಕೊಡೋದು, ಇವೆಲ್ಲ ಕ್ರಿಮಿನಲ್ ಕಾನೂನಿನಲ್ಲಿ ಹೆಸರಿಟ್ಟು ಹೇಳಿದ ಅಪರಾಧ ಆಗಬೇಕು. ಆಧಾರ್ ಕಾಯ್ದೆಯಲ್ಲಿ ಚೂರುಪಾರು ಕಲಂಗಳಿವೆ, ನಿಜ. ಆದರೆ ಠಾಣೆಯಲ್ಲಿ ಬರ್ಕೊಳ್ಳೋರಿಗೆ ಒಂದೇ ಕಡೆ ಸಿಗಬೇಕಲ್ಲ. ಸಿಮ್ ವಿಷಯದಲ್ಲಿ ಇದನ್ನ ಮಾಡಿ ತೋರಿಸಿದ್ದಾರೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಬೇರೆಯವರ ವೇಷದಲ್ಲಿ ಸಿಮ್ ತಗೊಂಡರೆ 3 ವರ್ಷದವರೆಗೆ ಜೈಲು, ಇಲ್ಲವೇ 50 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಮ್ಮಿಗೆ 50 ಲಕ್ಷ, ಹೆಬ್ಬೆಟ್ಟಿಗೆ 1 ಲಕ್ಷ!

ಪರಿಹಾರದ ಮಾತು ಇನ್ನೂ ಬೇಸರ ತರಿಸುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಸೋರಿಸಿದ ಸಂಸ್ಥೆಗೆ 250 ಕೋಟಿವರೆಗೆ ದಂಡ ಹಾಕಬಹುದು. ಆ ರೊಕ್ಕ ಹೋಗೋದು ಸರ್ಕಾರದ ಬೊಕ್ಕಸಕ್ಕೆ. ಐಟಿ ಕಾಯ್ದೆಯ 43ಎ ಕಲಂನಲ್ಲಿ ನಷ್ಟವಾದವರಿಗೆ ಪರಿಹಾರ ಅನ್ನೋ ಮಾತಾದರೂ ಉಂಟು. ಅದನ್ನೇ ತೆಗೆದುಹಾಕುವ ಕಲಂ ಈ ಕಾಯ್ದೆಯಲ್ಲಿದೆ. ಬೆಳೆ ಹಾಳಾದದ್ದು ಒಬ್ಬನದು, ವಿಮೆ ರೊಕ್ಕ ಇನ್ನೊಬ್ಬನಿಗೆ ಅಂದಂಗೆ ಆಯ್ತು.

ಇದು ಬರೀ ಹತ್ತು ಸಾವಿರದ ಮಾತಲ್ಲ. ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ ಹಿರಿಯ ದಂಪತಿ ಜೀವವನ್ನೇ ಕಳ್ಕೊಂಡರು. ನಿಮ್ಮ ಹೆಸರಿನ ಸಿಮ್ ದುರ್ಬಳಕೆ ಆಗಿದೆ ಅಂತ ಪೊಲೀಸರ ಸೋಗಿನಲ್ಲಿ ಹೆದರಿಸಿ ರೊಕ್ಕ ಕಿತ್ತಿದ್ದರು. ಇನ್ನು ನಾವು ಸಾವಯವದವರು. ನಮಗೆ ಸರ್ಟಿಫಿಕೇಟೂ ಒಂದು ಗುರುತೇ. ಮಧ್ಯಪ್ರದೇಶದಲ್ಲಿ ಸಾವಯವ ಹತ್ತಿ ಗುಂಪುಗಳಲ್ಲಿ ರೈತರಿಗೆ ಗೊತ್ತೇ ಇಲ್ಲದೆ ಅವರ ಹೆಸರು ಸೇರಿಸಿದ ದೂರುಗಳು ಬಂದಿವೆ. ನಾಳೆ ನನ್ನ ಹೆಸರಲ್ಲಿ ಯಾರೋ ಔಷಧಿ ಹೊಡೆದ ಅರಿಶಿನ ಮಾರಿದರೆ ನಾನು ಯಾವ ಕಲಂ ಹಿಡ್ಕೊಂಡು ಹೋಗಲಿ?

ಕಾನೂನು ಬದಲಾಗೋವರೆಗೆ ಕೈ ಕಟ್ಟಿ ಕೂಡೋದು ಬೇಡ. ಇವತ್ತು ರಾತ್ರಿ ಊಟ ಆದ ಮೇಲೆ ಮನೆಯ ಹಿರಿಯರನ್ನ ಕೂರಿಸ್ಕೊಂಡು ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಅವರ ಖಾತೆಗೆ ಈಗಿನ ಮೊಬೈಲ್ ನಂಬರು ಜೋಡಿಸಿದೆಯಾ ನೋಡಿ, ಇಲ್ಲಾಂದ್ರೆ ರೊಕ್ಕ ಹೋದ ಮೆಸೇಜೂ ಬರಲ್ಲ. ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸಾಪ್‌ಗೆ ಬಂದ ಎಪಿಕೆ ಫೈಲ್ ಮುಟ್ಟಬೇಡಿ. ರೊಕ್ಕ ಹೋದರೆ ಕೂಡಲೇ 1930, ಜೊತೆಗೆ ಬ್ಯಾಂಕಿಗೆ ಲಿಖಿತ ದೂರು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯಲ್ಲಿ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಈಗಿನ ನಿಯಮವನ್ನ ಪ್ರಿಂಟ್ ತೆಗೆದು ಜೊತೆಗೆ ಒಯ್ಯಿರಿ. ನಾವು ಒಯ್ದಿರಲಿಲ್ಲ.

ಕಾಕಾನ ಬಯೋಮೆಟ್ರಿಕ್ ಈಗ ಲಾಕ್ ಆಗಿದೆ, ನನ್ನ ಫೋನಿನಲ್ಲಿ. ತಿಂಗಳಿಗೊಮ್ಮೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಫೋನ್ ಮಾಡಿಸ್ತಾರೆ: "ತಮ್ಮಾ, ನನ್ನ ಹೆಬ್ಬೆಟ್ಟು ಒಂದೀಟ್ ಬಿಚ್ಚೋ." ನಾನು ಕೆಸರುಗೈ ಒರೆಸ್ಕೊಂಡು ಫೋನ್ ತೆಗೀತೀನಿ. ಹೊಲದಲ್ಲಿ ನೆಟ್‌ವರ್ಕ್ ಇದ್ದರೆ ಅವರಿಗೆ ಅವತ್ತೇ ಅಕ್ಕಿ ಸಿಗುತ್ತೆ.