ಹೊಸ ನಲ್ಲಿ, ಹಳೇ ಕೊಳವೆ

ಕೇರಿಗೆ ನಲ್ಲಿ ಬಂತು ಅಂತ ಕುಣಿಯೋರಿಗೆ ಎರಡು ಪ್ರಶ್ನೆ. ಆ ನಲ್ಲಿಗೆ ನೀರು ಬಿಡೋ ಸ್ಟಾಪ್ ಟ್ಯಾಪು ಎಲ್ಲಿದೆ? ಅದನ್ನ ತಿರುಗಿಸೋ ಕೈ ಯಾರದು?

ನಮ್ಮ ಸೀಮೆ ನೋಡಿ. ನಂದಿ ಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುತ್ತವೆ. ಹುಟ್ಟಿದ ಮನೆಗೇ ನೀರಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳು ಬಹುಪಾಲು ನಂಬಿರೋದು ಕೊಳವೆಬಾವಿ. ಸಾವಿರ ಅಡಿ ದಾಟಿ ಕೊರೆದರೆ ನೀರಿನ ಜೊತೆ ಫ್ಲೋರೈಡೂ ಏಳುತ್ತೆ. ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಅದು ಮೀರಿದರೆ ಮಕ್ಕಳ ಹಲ್ಲು ಕಂದಾಗುತ್ತೆ, ದೊಡ್ಡೋರ ಮೂಳೆ ಬಿಗಿಯುತ್ತೆ.

ಟ್ಯಾಂಕು ಊರಲ್ಲಿ, ಕೇರಿ ಕೊಳವೆಸಾಲಿನ ಕೊನೇಲಿ. ಕೊನೆಗೆ ಒತ್ತಡ ಕಮ್ಮಿ, ಇದು ಭೌತಶಾಸ್ತ್ರ. ಕೇರಿಯನ್ನ ಕೊನೇಲಿಟ್ಟದ್ದು ಜಾತಿಶಾಸ್ತ್ರ.

ಕೊಳವೆ ಮಾತಿಗೆ ಬರೋಣ. ಪಿವಿಸಿ ಕೊಳವೆ ಕಾವಿಗೆ ಕೆಡದಿರಲಿ ಅಂತ ಸೀಸದ ಲವಣ ಬೆರೆಸುತ್ತಿದ್ದರು. ಸೀಸ ನೀರಿಗಿಳಿದರೆ ಮೊದಲು ಕೆಡೋದು ಮಕ್ಕಳ ಮಿದುಳು. ಇದಕ್ಕೆ ತಡೆ ಹಾಕೋ ನಿಯಮ ಕೇಂದ್ರ ಸರ್ಕಾರದಿಂದ ಬಂದದ್ದು 2021ರಲ್ಲಿ. ಅದಕ್ಕೆ ಮುಂಚೆ ಹೂತ ಕೊಳವೆಗಳು ನೆಲದಲ್ಲೇ ಇವೆ. ಯಾವುದರಲ್ಲಿ ಸೀಸ ಇದೆ, ಯಾವುದರಲ್ಲಿಲ್ಲ ಅಂತ ಪರೀಕ್ಷೆ ಮಾಡದೆ ತಿಳಿಯೋದಿಲ್ಲ.

ರಿಪೇರಿ ಅಂದ್ರೆ ನಡೆಯೋದೇನು? ಸೋರೋ ಸ್ಟಾಪ್ ಟ್ಯಾಪು ಬಿಚ್ಚಿ ಹೊಸ ಹಿತ್ತಾಳೇದು ಕೂರಿಸ್ತಾರೆ. ಫೋಟೋ ತೆಗೀತಾರೆ. ಬಿಲ್ಲು ಪಾಸು. ಹಿಂದಿರೋ ಕೊಳವೆ ಹಂಗೇ. ಹಳೇ ಕೊಳವೆ ಅಲುಗಾಡಿದರೆ ಒಳಗೆ ಕಚ್ಚಿಕೊಂಡ ಗಸಿ, ತುಕ್ಕು ಕಳಚಿ ಮೊದಲ ಬಿಂದಿಗೆಗೇ ಬೀಳುತ್ತೆ. ಕುದಿಸಿ ಕುಡೀರಿ ಅಂತಾರೆ. ಕುದಿಸಿದರೆ ಸಾಯೋದು ಕ್ರಿಮಿ. ಸೀಸ ಸಾಯೋದಿಲ್ಲ, ಫ್ಲೋರೈಡ್ ಸಾಯೋದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಲ್ಲಿ ಅವುಗಳ ಪ್ರಮಾಣ ಏರುತ್ತೆ.

ಬಡವರ ಕೊಳವೆಗೆ ಈ ಗತಿ ಇಲ್ಲಿ ಮಾತ್ರವಲ್ಲ. ಅಮೆರಿಕಾದ ಫ್ಲಿಂಟ್, ಕಪ್ಪು ಜನ ಹೆಚ್ಚಿರೋ ಊರು. 2014ರಲ್ಲಿ ದುಡ್ಡು ಉಳಿಸೋಕೆ ನೀರಿನ ಮೂಲ ಬದಲಿಸಿದರು. ಕೊಳವೆ ಸವೆಯದಂತೆ ಹಾಕಬೇಕಾದ ಮದ್ದು ಹಾಕಲಿಲ್ಲ. ಹಳೇ ಸೀಸದ ಕೊಳವೆ ಕರಗಿ ಮಕ್ಕಳ ರಕ್ತ ಸೇರಿತು. ಜನ ಬಣ್ಣಗೆಟ್ಟ ನೀರು ಹಿಡಿದು ತೋರಿಸಿದರೂ ಅಧಿಕಾರಿಗಳು ನೀರು ಚೆನ್ನಾಗಿದೆ ಅಂದರು. ಆ ಜನ ಸುಮ್ಮನಾಗಲಿಲ್ಲ, ಕೊಳವೇನೇ ಬದಲಿಸಿ ಅಂತ ಹಟ ಹಿಡಿದರು.

ಕಾಗದದ ಮೇಲೆ ನಮಗೇನು ಕಮ್ಮಿ? ಸಾರ್ವಜನಿಕ ನೀರು ಅಸ್ಪೃಶ್ಯರಿಗೂ ತೆರೀಬೇಕು ಅಂತ ಬೊಂಬಾಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಚವದಾರ್ ಕೆರೆ ನೀರು ಕುಡಿಯೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ನಡೀಬೇಕಾಯ್ತು. 1955ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಬಾವಿ, ಕೆರೆ ಜೊತೆಗೆ ನಲ್ಲಿ ಅನ್ನೋ ಮಾತೂ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲೂ ಇದೆ. ಬಿಂದಿಗೆ ಕಿತ್ತರೆ ಮಾತ್ರ ತಡೆಯೇ? ಜಾತಿ ನೋಡಿ ಸ್ಟಾಪ್ ಟ್ಯಾಪು ತಿರುಗಿಸಿದರೂ ತಡೆಯೇ.

2019ರಲ್ಲಿ ಮನೆಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಅಂದರು. ಅಳೆದು ನೋಡಿದೀರಾ?

ಹಾಸ್ಟೆಲ್ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಇಷ್ಟು ಮಾಡಿ. ಟ್ಯಾಂಕಿಂದ ಕೇರಿವರೆಗೂ ಕೊಳವೆ ಹಿಡಿದು ನಡೀರಿ. ಸ್ಟಾಪ್ ಟ್ಯಾಪು ಎಷ್ಟಿವೆ, ಎಲ್ಲಿವೆ, ಬರ್ಕೊಳ್ಳಿ. ಊರಿಗೆಷ್ಟು ಗಂಟೆ, ಕೇರಿಗೆಷ್ಟು ಗಂಟೆ, ಪಕ್ಕಪಕ್ಕ ಬರೀರಿ. ರಾತ್ರಿಯಿಡೀ ಕೊಳವೇಲಿ ನಿಂತ ನೀರನ್ನ ಕುಡಿಯೋಕೆ ಹಿಡೀಬೇಡಿ ಅಂತ ಅಮ್ಮಂದಿರಿಗೆ ಹೇಳಿ. ಅದು ಪಾತ್ರೆ ಬಟ್ಟೆಗಾಗಲಿ. ಆಮೇಲೆ ಪಂಚಾಯಿತಿಗೆ ಅರ್ಜಿ ಕೊಡಿ: ಸ್ಟಾಪ್ ಟ್ಯಾಪಿನ ಜೊತೆ ಹಳೇ ಕೊಳವೆಯೂ ಬದಲಾಗಬೇಕು. ಫ್ಲೋರೈಡು, ಸೀಸ ಎರಡರ ಪರೀಕ್ಷೆ ಮಾಡಿ ಫಲಿತಾಂಶ ಕೇರಿ ಗೋಡೆ ಮೇಲೆ ಬರೀಬೇಕು. ನೀರು ಬಿಡೋ ಹೊತ್ತು ಕೇರಿ ಹೆಂಗಸರ ಮುಂದೆ ತೀರ್ಮಾನ ಆಗಬೇಕು.

ಅರ್ಜಿ ತಗೊಂಡಿದ್ದಕ್ಕೆ ಸಹಿ ಹಾಕಿಸ್ಕೊಳ್ಳಿ. ಉತ್ತರ ಬರಲಿಲ್ಲವೋ, ಖಾಲಿ ಬಿಂದಿಗೆ ಪಂಚಾಯಿತಿ ಬಾಗಿಲಿಗಿಟ್ಟು ಕೂತ್ಕೊಳ್ಳಿ. ಒಬ್ಬೊಬ್ಬರೇ ಬೇಡ. ಇಡೀ ಕೇರಿ ಬರಲಿ.