ಹಂಗಿಲ್ಲದ ಹಾಡು

ದೊಡ್ಡ ಕಂಪೆನಿಗಳ ಹಂಗಿಲ್ಲದೆ ಹೊರಬರುವ ಸಂಗೀತಕ್ಕೆ ಪಶ್ಚಿಮದಲ್ಲಿ ‘ಇಂಡೀ’ ಎಂದು ಹೆಸರು. 2024ರ ಅಂಥ ಆಲ್ಬಂಗಳಲ್ಲಿ ನಾನು ಅತ್ಯಂತ ಮೆಚ್ಚಿದ್ದು, ಕೆನಡಾದ ಪ್ಯಾಟ್ರಿಕ್ ಫ್ಲೀಗಲ್ ಅವರು ‘ಸಿಂಡಿ ಲೀ’ ಎಂಬ ಹೆಸರಿನಲ್ಲಿ ಹೊರತಂದ ‘ಡೈಮಂಡ್ ಜುಬಿಲಿ’. ಹಾಡುಗಳು 32, ಕೇಳಲು ಎರಡು ಗಂಟೆ ಬೇಕು. 1960ರ ದಶಕದ ಪ್ರೇಮಗೀತೆಗಳ ಮಾಧುರ್ಯವು ಗಿಟಾರಿನ ಮಸುಕು ನಾದದೊಳಗಿಂದ, ದೂರದ ರೇಡಿಯೋ ನಿಲಯದಿಂದ ಬಂದಂತೆ, ತೇಲಿಬರುತ್ತದೆ. ಸ್ಪಾಟಿಫೈಯನ್ನು ದೂರವಿಟ್ಟು, ಯೂಟ್ಯೂಬಿನಲ್ಲಿಯೂ ಒಂದು ಸಾದಾ ಜಾಲತಾಣದಲ್ಲಿಯೂ ಮೊದಲು ಪ್ರಕಟವಾದ ಈ ಕೃತಿಗೆ ಪಿಚ್‌ಫೋರ್ಕ್ ಪತ್ರಿಕೆ ಹತ್ತಕ್ಕೆ 9.1 ಅಂಕವಿತ್ತಿತು. ಅಮೆರಿಕದ ಫಿಲ್ ಎಲ್ವರಂ ‘ಮೌಂಟ್ ಈರೀ’ ಹೆಸರಿನಲ್ಲಿ, ತಮ್ಮದೇ ಸಂಸ್ಥೆಯಿಂದ ಹೊರತಂದ ‘ನೈಟ್ ಪ್ಯಾಲೆಸ್’ ಅದರ ನಂತರದ್ದು.

ಆದರೂ ಇದನ್ನು ಸಣ್ಣವರ ಗೆಲವೆಂದು ಸಾರಲು ಹಿಂಜರಿಯುತ್ತೇನೆ. ಅದೇ 2024ರಲ್ಲಿ ಸ್ಪಾಟಿಫೈ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಸಂಭಾವನೆಯಿಲ್ಲವೆಂಬ ನಿಯಮವನ್ನು ಜಾರಿಗೆ ತಂದಿತು. ಕಲಾವಿದರಿಂದ ನೇರವಾಗಿ ಕೊಳ್ಳಬಹುದಾದ ಬ್ಯಾಂಡ್‌ಕ್ಯಾಂಪ್ ಎಂಬ ಅಂಗಡಿಯು 2022ರಲ್ಲೊಮ್ಮೆ, 2023ರಲ್ಲೊಮ್ಮೆ ಒಡೆಯರನ್ನು ಬದಲಿಸಿತು. ಫ್ಲೀಗಲ್ ಅವರನ್ನು ವಿಮರ್ಶಕರು ಕಂಡರು. ಯಾರ ಕಣ್ಣಿಗೂ ಬೀಳದವರ ಪಾಡೇನು? ಒಂಬೈನೂರು ಸಲ ಕೇಳಿದ ಹಾಡಿಗೂ ಕೇಳಿದ ಹೃದಯಗಳಿವೆ. ವರ್ಷಾಂತ್ಯದಲ್ಲಿ ಮೆಚ್ಚಿನ ಪಟ್ಟಿಯನ್ನು ಬರೆಯುವ ರಸಿಕರು ಅವುಗಳಲ್ಲಿ ಒಂದನ್ನಾದರೂ ಬೆಲೆಕೊಟ್ಟು ಕೊಳ್ಳಲಿ. ಮೆಚ್ಚುಗೆಯಿಂದ ಮಾತ್ರವೇ ಹಾಡುಗಾರನ ಒಲೆ ಉರಿಯುವುದಿಲ್ಲ.