ಹಸಿ ಇದ್ರ ಬ್ಯಾಡ

ಅಣ್ಣಿಗೇರಿಗೆ ಹೊಸ ಹೆಸರುಕಾಳು ಬರುವ ದಿನಗಳು. ದಲ್ಲಾಳಿ ಅಂಗಡಿಯ ಮುಂದೆ ಹಿರಿಯರೊಬ್ಬರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದರು. ಒಂದನ್ನು ಹಲ್ಲಿಗೆ ಕೊಟ್ಟು ಕಡಿದು ನೋಡಿದರು. ತಕ್ಕಡಿಯ ಹತ್ತಿರ ನಿಂತ ಹುಡುಗನಿಗೆ ಹೇಳಿದ್ದು ಇಷ್ಟೇ: “ಹಸಿ ಇದ್ರ ಬ್ಯಾಡ. ಒಣಗಿದ್ರ ತೂಗು.”

ಕಂಪ್ಯೂಟರ್ ತರಗತಿಯಲ್ಲಿ ಮೊದಮೊದಲು ಕಲಿಸುವ ಷರತ್ತಿನ ವಾಕ್ಯ ಇದೇ. ಆದರೆ ಅಲ್ಲಿ ‘ಇಫ್’ ಎಂಬುದು ಮುಂದೆ ನಿಂತು ದಾರಿ ತೋರಿಸುತ್ತದೆ. ಇವರ ಮಾತಿನಲ್ಲಿ ಸಂಗತಿ ಮೊದಲು, ಅದು ಷರತ್ತೆಂಬ ಸುಳಿವು ಅದರ ಬಾಲದಲ್ಲಿ, ಮಾಡಬೇಕಾದ ಕೆಲಸ ಎಲ್ಲಕ್ಕಿಂತ ಕಡೆಗೆ.

ಕನ್ನಡದಲ್ಲೇ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಟ್ಟಬೇಕೆಂಬ ಹುರುಪು ಆಗಾಗ ಯಾರಲ್ಲಾದರೂ ಹುಟ್ಟುತ್ತದೆ. ಮಕ್ಕಳಿಗಾಗಿ ಇರುವ ಲೋಗೊ ಭಾಷೆಯನ್ನು ಯು. ಬಿ. ಪವನಜ ಅವರು ಕನ್ನಡಕ್ಕೆ ತಂದದ್ದು ಒಳ್ಳೆಯ ಕೆಲಸ. ಹೊಸದನ್ನೇ ಕಟ್ಟಲು ಹೊರಟವರು ಮಾತ್ರ ‘ಇಫ್’ ಇದ್ದಲ್ಲಿ ‘ಒಂದುವೇಳೆ’, ‘ಪ್ರಿಂಟ್’ ಇದ್ದಲ್ಲಿ ‘ಮುದ್ರಿಸು’ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಅಷ್ಟನ್ನು ಅಮೆರಿಕದ ಗ್ರೇಸ್ ಹಾಪರ್ 1950ರ ದಶಕದಲ್ಲೇ ಮಾಡಿ ತೋರಿಸಿದ್ದರು. ಇಂಗ್ಲಿಷ್ ಪದಗಳ ಜಾಗದಲ್ಲಿ ಫ್ರೆಂಚ್, ಜರ್ಮನ್ ಪದಗಳನ್ನಿಟ್ಟರೂ ಯಂತ್ರ ಅದೇ ಕೆಲಸ ಮಾಡಿತು. ಅದನ್ನು ಕಂಡ ಅವರ ಕಂಪನಿಯ ಮೇಲಧಿಕಾರಿಗಳು ಗಾಬರಿಯಾದರಂತೆ: ಫಿಲಡೆಲ್ಫಿಯಾದಲ್ಲಿ ತಯಾರಾದ ಮರ್ಯಾದಸ್ಥ ಯಂತ್ರಕ್ಕೆ ಫ್ರೆಂಚ್ ಹೇಗೆ ತಿಳಿದೀತು! ಯಂತ್ರಕ್ಕೆ ಇಂಗ್ಲಿಷೂ ತಿಳಿದಿರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಪದ ಬದಲಿಸುವುದು ಅಂಗಿ ಬದಲಿಸಿದ ಹಾಗೆ. ಕಷ್ಟದ ಪ್ರಶ್ನೆ ವಾಕ್ಯದ ಎಲುಬಿನದು. ಬೇರೆ ಭಾಷೆಯ ಎಲುಬಿಗೆ ನಮ್ಮ ಪದ ತೊಡಿಸುವ ಈ ತಪ್ಪನ್ನು ನಾವು ಹಿಂದೊಮ್ಮೆ ಮಾಡಿದ್ದೇವೆ, ಅದೂ ವ್ಯಾಕರಣದಲ್ಲಿ. ಶಾಲೆಯಲ್ಲಿ ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿದವರೆಲ್ಲ ಒಮ್ಮೆ ನೆನಪಿಸಿಕೊಳ್ಳಿ. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ನವಲಗುಂದದಲ್ಲಾಗಲಿ ಮೈಸೂರಿನಲ್ಲಾಗಲಿ ಯಾರೂ ಹೇಳುವುದಿಲ್ಲ. ಸಂಸ್ಕೃತದಲ್ಲಿ ಒಂದು ಖಾನೆ ಇತ್ತು, ನಮ್ಮಲ್ಲೂ ಇರಲಿ ಎಂದು ತುಂಬಿದೆವು. ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆಯಬೇಕಾಗಿ ಬಂತು. ಆ ಖಾನೆಗಳನ್ನು ತುಂಬಿದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನಿಗಿಂತ ಮೊದಲಿನ ಎರಡನೆಯ ನಾಗವರ್ಮ ‘ಕರ್ಣಾಟಕ ಭಾಷಾಭೂಷಣ’ದಲ್ಲಿ, ಅವನ ನಂತರದ ಭಟ್ಟಾಕಳಂಕ 1604ರ ‘ಶಬ್ದಾನುಶಾಸನ’ದಲ್ಲಿ ಕನ್ನಡದ ಸೂತ್ರಗಳನ್ನು ಸಂಸ್ಕೃತದಲ್ಲೇ ಬರೆದರು. ನಡುವಿನ ಕೇಶಿರಾಜ 13ನೆಯ ಶತಮಾನದಲ್ಲಿ ಕನ್ನಡದ ನಿಯಮವನ್ನು ಕನ್ನಡದ ಕಂದಪದ್ಯದಲ್ಲೇ ಹೇಳಿದ. ಖಾನೆಗಳು ಎರವಲಿನವಾದರೂ ಆ ಧೈರ್ಯ ದೊಡ್ಡದು.

ಷರತ್ತಿನ ಸುಳಿವು ಕಡೆಗೆ ಬಂದರೆ ಯಂತ್ರ ತಬ್ಬಿಬ್ಬಾಗುವುದಿಲ್ಲವೇ? ಇಲ್ಲ. 1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಿಂಟರುಗಳ ಭಾಷೆಯಲ್ಲಿ ಮೊದಲು ಎರಡು ಸಂಖ್ಯೆ, ಆಮೇಲೆ ‘ಹೆಚ್ಚೇ?’ ಎಂಬ ಪ್ರಶ್ನೆ, ಆಮೇಲೆ ಮಾಡಬೇಕಾದ ಕೆಲಸ, ತೀರಾ ಕಡೆಗೆ ‘ಇಫ್’. ಇಂಗ್ಲಿಷ್ ಮಾತಾಡುವವರೇ ಕಟ್ಟಿದ ಭಾಷೆ, ನಡಿಗೆ ಮಾತ್ರ ಹೆಚ್ಚುಕಡಿಮೆ ನಮ್ಮದು. ತಮಿಳಿನಲ್ಲಿ ಮುತ್ತಯ್ಯ ಅಣ್ಣಾಮಲೈ ಕಟ್ಟಿದ ‘ಎಳಿಲ್’ ಭಾಷೆಯಲ್ಲೂ ಷರತ್ತು ಮೊದಲು, ‘ಆನಾಲ್’ ಆಮೇಲೆ. ಅದೇ ಎಳಿಲ್‌ನಲ್ಲಿ ತೆರೆಯ ಮೇಲೆ ತೋರಿಸುವ ಆಜ್ಞೆ ಮಾತ್ರ ಇಂಗ್ಲಿಷಿನಂತೆ ಮುಂದೆಯೇ ನಿಂತಿದೆ. ಅರ್ಧ ಹೊಳೆ ದಾಟಿ ನಿಂತಂತೆ.

ಇನ್ನರ್ಧ ದಾಟಲು ನಮಗೆ ವಿಭಕ್ತಿಯ ದೋಣಿ ಇದೆ. ‘ಪಟ್ಟಿಗೆ ಐದನ್ನು ಸೇರಿಸು’, ‘ಐದನ್ನು ಪಟ್ಟಿಗೆ ಸೇರಿಸು’: ಎರಡೂ ಒಂದೇ. ರೂಢಿಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪಟ್ಟಿ ಮೊದಲೋ ಐದು ಮೊದಲೋ ಎಂದು ನೆನಪಿಡದೆ ಕೆಟ್ಟ ಪ್ರೋಗ್ರಾಮುಗಳಿಗೆ ಲೆಕ್ಕವಿಲ್ಲ. ನಮ್ಮಲ್ಲಿ ‘ಗೆ’ ಮತ್ತು ‘ಅನ್ನು’ ಕಾವಲಿರುತ್ತವೆ. ಇದು ಬರೀ ಹಗಲುಗನಸಲ್ಲ. ಆಸ್ಟ್ರೇಲಿಯಾದ ಡೇಮಿಯನ್ ಕಾನ್ವೇ 2000ದಲ್ಲಿ ಪರ್ಲ್ ಭಾಷೆಯನ್ನು ಲ್ಯಾಟಿನ್ ವಿಭಕ್ತಿಗಳಲ್ಲಿ ಬರೆಯುವ ‘ಪರ್ಲಿಗಾಟಾ’ ಮಾಡಿದರು. ಅದೊಂದು ವಿದ್ವತ್ತಿನ ವಿನೋದ, ಆದರೆ ಕೆಲಸ ಮಾಡುವ ವಿನೋದ.

ತೊಡಕು ಸಂಧಿಯಲ್ಲಿದೆ. ‘ಸಾಲು’ ಎಂಬ ಹೆಸರು ‘ಸಾಲಿಗೆ’ ಆಗುವಾಗ ಉಕಾರ ಕಳೆದುಕೊಳ್ಳುತ್ತದೆ, ‘ಸಾಲ’ ಹೋಗಿ ‘ಸಾಲಕ್ಕೆ’ ಆಗುತ್ತದೆ. ‘ಸಾಲದ’ ಎಂದರೆ ಸಾಲಕ್ಕೆ ಸೇರಿದ್ದೂ ಹೌದು, ಸಾಕಾಗದ್ದೂ ಹೌದು. ರೈತನ ಮಟ್ಟಿಗೆ ಎರಡೂ ಒಂದೇ ಎಂದು ನಕ್ಕು ಬಿಡಬಹುದು, ಯಂತ್ರ ನಗುವುದಿಲ್ಲ. ನನ್ನ ಮತ ಕೇಳಿದರೆ ಇಲ್ಲಿ ಸಂಧಿಯನ್ನು ಕೈಬಿಡಬೇಕು, ಹೆಸರಿಗೂ ಪ್ರತ್ಯಯಕ್ಕೂ ನಡುವೆ ಒಂದು ಗೆರೆ ಎಳೆಯಬೇಕು. ‘ಸಾಲು-ಗೆ’ ಕಣ್ಣಿಗೆ ಚುಚ್ಚುತ್ತದೆ, ಒಪ್ಪುತ್ತೇನೆ. ತಪ್ಪು ಅರ್ಥವಾಗುವುದಕ್ಕಿಂತ ಚುಚ್ಚುವುದೇ ವಾಸಿ.

ಲಿಪಿಯ ಕಿರಿಕಿರಿ ಬೇರೆ. 2008ರ ಪೈಥಾನ್ 3ರಿಂದ ಈಚೆಗೆ ಪೈಥಾನಿನಲ್ಲಿ ಕನ್ನಡದ ಹೆಸರುಗಳನ್ನು ಇಟ್ಟುಕೊಳ್ಳಬಹುದು. ‘ಬೆಲೆ’, ‘ತೂಕ’ ಎಲ್ಲ ಸಲೀಸು. ‘ರಾಜ್‌ಕುಮಾರ್’ ಎಂದು ಹೆಸರಿಟ್ಟರೆ ಮಾತ್ರ ಅದರ ಹಳೆಯ ಆವೃತ್ತಿಗಳು ದೋಷವೆಂದು ನಿಲ್ಲಿಸುತ್ತಿದ್ದವು. ‘ಜ್’ಗೆ ‘ಕು’ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಅದನ್ನು ಅವು ಒಪ್ಪುತ್ತಿರಲಿಲ್ಲ. ಹೊಸ ಭಾಷೆ ಕಟ್ಟುವವರು ಮೊದಲ ದಿನವೇ ಇದನ್ನು ತೀರ್ಮಾನಿಸಿಕೊಳ್ಳಬೇಕು.

ಇಷ್ಟೆಲ್ಲ ಬಗೆಹರಿದರೂ ಯಾವ ಕನ್ನಡ ಎಂಬ ಜಗಳ ಉಳಿಯುತ್ತದೆ: ‘ಇದ್ದರೆ’ಯೋ ‘ಇದ್ರ’ನೋ? ಪಠ್ಯಪುಸ್ತಕ ಮೊದಲನೆಯದರ ಕಡೆ. ಸಾವಿರ ವರ್ಷದ ಹಿಂದೆ ತಕ್ಕಡಿ ‘ಇದ್ರ’ ಎನ್ನುವ ಅಣ್ಣಿಗೇರಿಯ ಈ ಸೀಮೆಯ ಕಡೆ ವಾಲಿತ್ತು. ಕವಿರಾಜಮಾರ್ಗ ಕನ್ನಡದ ತಿರುಳನ್ನು ಗುರುತಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಒಂದು. 941ರ ಪಂಪನೂ ಪುಲಿಗೆರೆಯ ಕನ್ನಡವನ್ನೇ ನೆಚ್ಚಿದ. ಅವನ ತಾಯಿಯ ಕಡೆಯವರು ಅಣ್ಣಿಗೇರಿಯವರೆಂದು ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಪಂಪ ಬರೆದಿದ್ದರೆ ‘ಇರ್ದೊಡೆ’ ಎನ್ನುತ್ತಿದ್ದ. ಅಂದು ಪ್ರಮಾಣವಾಗಿದ್ದ ಸೀಮೆಯ ಮಾತು ಇಂದು ಸಿನಿಮಾದಲ್ಲಿ ನಗಿಸಲಿಕ್ಕೆ ಬೇಕು.

ಇಂಥ ಜಗಳ ಹೊಸದಲ್ಲ. 1958ರಲ್ಲಿ ಜ್ಯೂರಿಕ್‌ನಲ್ಲಿ ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಲು ಕೂತ ಅಮೆರಿಕ, ಯುರೋಪುಗಳ ಪಂಡಿತರು ದಶಮಾಂಶಕ್ಕೆ ಚುಕ್ಕಿಯೋ ಅಲ್ಪವಿರಾಮವೋ ಎಂದು ಮೇಜು ಗುದ್ದಿ ಜಗಳಾಡಿದ್ದರು. ಕಡೆಗೆ ಭಾಷೆಗೆ ಮೂರು ರೂಪ ಕೊಟ್ಟು ಪಾರಾದರು: ಮೂಲದ್ದೊಂದು, ಅಚ್ಚಿನದೊಂದು, ಯಂತ್ರದ್ದೊಂದು. ಒಳಗಿನ ಅರ್ಥ ಒಂದೇ, ಹೊರಗೆ ಅವರವರ ರೂಢಿ. ನಮಗೂ ಅದೇ ಸಾಕು. ಮೈಸೂರಿನ ಹುಡುಗಿ ‘ಇದ್ದರೆ’ ಒತ್ತಲಿ, ಕುಂದಗೋಳದವಳು ‘ಇದ್ರ’ ಒತ್ತಲಿ, ಒಬ್ಬಳ ಪ್ರೋಗ್ರಾಮು ಇನ್ನೊಬ್ಬಳ ತೆರೆಯ ಮೇಲೆ ಆಕೆಯ ಮಾತಿನಲ್ಲೇ ಕಾಣಲಿ. ಒಳಗಿನ ಮೂಲರೂಪಕ್ಕೆ ಏನಿಡಬೇಕು ಎಂದರೆ, ನಾನಂತೂ ‘ಇರ್ದೊಡೆ’ಗೆ ಕೈ ಎತ್ತುತ್ತೇನೆ, ಇಂದು ಯಾರ ಊರಿನದೂ ಅಲ್ಲದ್ದರಿಂದ ಯಾರೂ ತಕರಾರು ತೆಗೆಯಲಾರರು.